ಐರ್ಲೆಂಡಿನ ಗ್ರಾಮೀಣ ಗಾದೆಗಳು

ಐರ್ಲೆಂಡಿನ ಗ್ರಾಮೀಣ ಗಾದೆಗಳು ಎಂದರೆ ಆ ದ್ವೀಪದ ರೈತರು, ದನ ಸಾಕುವವರು, ಮೀನುಗಾರರು ಮತ್ತು ಕಸುಬುದಾರರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದ, ಬದುಕಿನ ಒಂದು ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಕಟ್ಟಿಕೊಡುವ, ಹೆಚ್ಚುಕಡಿಮೆ ಸ್ಥಿರವಾದ ರೂಪದ ನುಡಿಗಳು. ಇವುಗಳಲ್ಲಿ ಬಹುಪಾಲು ಐರಿಶ್ ಭಾಷೆಯವು. ಆ ಭಾಷೆಯಲ್ಲಿ ಗಾದೆಗೆ ‘ಶಾನೊಕಲ್’ ಎಂಬ ಹೆಸರಿದೆ, ಹಳೆಯ ಮಾತು ಎಂದು ಅದರ ಅರ್ಥ, ಬಹುವಚನ ‘ಶಾನೊಕಿಲ್’. 19ನೆಯ ಶತಮಾನದಲ್ಲಿ ಹೆಚ್ಚಿನ ಜನ ಇಂಗ್ಲಿಷಿಗೆ ಹೊರಳಿದಾಗ ಅನೇಕ ಗಾದೆಗಳೂ ಅವರ ಜೊತೆಗೇ ಭಾಷೆ ಬದಲಿಸಿದವು. ಹೀಗಾಗಿ ಒಂದೇ ಗಾದೆ ಎರಡು ಭಾಷೆಗಳಲ್ಲಿ ಬಳಕೆಯಲ್ಲಿರುವುದು ಐರ್ಲೆಂಡಿನಲ್ಲಿ ಸಾಮಾನ್ಯ.

ವ್ಯಾಪ್ತಿ ಮತ್ತು ಪರಿಭಾಷೆ

ಈ ಲೇಖನದಲ್ಲಿ ‘ಗಾದೆ’ ಎಂದರೆ ತಾನೇ ಪೂರ್ಣ ವಾಕ್ಯವಾಗಿ ನಿಲ್ಲುವ ನುಡಿ. ಮೂರು ಸಂಗತಿಗಳನ್ನು ಒಂದು ಶೀರ್ಷಿಕೆಯಡಿ ಸೇರಿಸಿ ಹೇಳುವ ನುಡಿಯನ್ನು ‘ತ್ರಿಕ’ ಎಂದೂ, ಋತುಮಾನ ಮತ್ತು ಮಳೆಗಾಳಿಯ ಲಕ್ಷಣ ಹೇಳುವುದನ್ನು ‘ಹವಾಮಾನ ನುಡಿ’ ಎಂದೂ, ಮಾತಿನ ಕೊನೆಗೆ ಅದನ್ನು ಆಡಿದವರು ಯಾರು, ಯಾವ ಸಂದರ್ಭದಲ್ಲಿ ಎಂದು ಸೇರಿಸುವುದನ್ನು ‘ಉಕ್ತಿಗಾದೆ’ ಎಂದೂ ಕರೆಯಲಾಗಿದೆ. ವಾಕ್ಯದ ಒಳಗೆ ಮಾತ್ರ ಬರುವ ನುಡಿಗಟ್ಟುಗಳು, ಹರಕೆ ಮತ್ತು ಶಾಪದ ನುಡಿಗಳು, ಒಗಟುಗಳು ಐರ್ಲೆಂಡಿನಲ್ಲಿ ಹೇರಳವಾಗಿದ್ದರೂ ಅವು ಬೇರೆ ಪ್ರಕಾರಗಳಾದ್ದರಿಂದ ಇಲ್ಲಿ ಸೇರಿಲ್ಲ.

ಐರಿಶ್ ಭಾಷೆ ಕೆಲ್ಟಿಕ್ ಕುಟುಂಬಕ್ಕೆ ಸೇರಿದ್ದು. ಅದರ ಆಡುನುಡಿಗಳಲ್ಲಿ ದಕ್ಷಿಣದ ಮನ್‌ಸ್ಟರ್, ಪಶ್ಚಿಮದ ಕಾನಕ್ಟ್, ಉತ್ತರದ ಅಲ್‌ಸ್ಟರ್ ಎಂಬ ಮೂರು ಮುಖ್ಯ ಪ್ರಭೇದಗಳಿವೆ. ಗಾದೆಗಳ ಸಂಗ್ರಹಗಳೂ ಹೆಚ್ಚಾಗಿ ಈ ಪ್ರಾಂತಗಳ ಪ್ರಕಾರವೇ ಬಂದಿವೆ. ಸ್ಕಾಟ್‌ಲೆಂಡಿನ ಗೇಲಿಕ್ ಐರಿಶ್‌ನ ಸೋದರ ಭಾಷೆ. ಅದರ ಗಾದೆಗಳನ್ನು ಡೊನಾಲ್ಡ್ ಮ್ಯಾಕಿಂಟಾಶ್ 1785ರಲ್ಲೂ ಅಲೆಕ್ಸಾಂಡರ್ ನಿಕಲ್ಸನ್ 1881ರಲ್ಲೂ ಪ್ರಕಟಿಸಿದರು. ಅವುಗಳಲ್ಲಿ ಎಷ್ಟೋ ನುಡಿಗಳು ಐರ್ಲೆಂಡಿನವುಗಳಿಗೆ ಪದಪದವಾಗಿ ಹೊಂದುತ್ತವೆ.

ಮೂಲ

ಗಾದೆಯಂಥ ನುಡಿಗಳನ್ನು ಬರೆದಿಡುವ ಸಂಪ್ರದಾಯ ಐರ್ಲೆಂಡಿನಲ್ಲಿ ಬಹಳ ಹಳೆಯದು. ಅರಸನಾಗುವವನಿಗೆ ನೀತಿ ಹೇಳುವ ‘ಮೊರಾನನ ಒಡಂಬಡಿಕೆ’ ಎಂಬ ಕೃತಿ ಸುಮಾರು ಕ್ರಿ.ಶ. 700ರ ಕಾಲದ್ದು. ಕೊರ್ಮಾಕ್ ಎಂಬ ಪೌರಾಣಿಕ ಅರಸ ತನ್ನ ಮಗನ ಪ್ರಶ್ನೆಗಳಿಗೆ ಉತ್ತರಿಸುವಂತೆ ರಚಿತವಾದ ‘ಕೊರ್ಮಾಕನ ಉಪದೇಶಗಳು’ ಮತ್ತು ‘ಐರ್ಲೆಂಡಿನ ತ್ರಿಕಗಳು’ ಎಂದು ಈಗ ಹೆಸರಾದ ಸಂಕಲನ ಸುಮಾರು 9ನೆಯ ಶತಮಾನಕ್ಕೆ ಸೇರುತ್ತವೆ. ಜರ್ಮನ್ ವಿದ್ವಾಂಸ ಕುನೊ ಮೇಯರ್ ತ್ರಿಕಗಳನ್ನು 1906ರಲ್ಲೂ ಉಪದೇಶಗಳನ್ನು 1909ರಲ್ಲೂ ಸಂಪಾದಿಸಿ ಹೊರತಂದರು. ಇವು ಮಠಗಳಲ್ಲಿ ಓದುಬರಹ ಬಲ್ಲವರು ದಾಖಲಿಸಿದ ಗ್ರಂಥಗಳು. ಅರಮನೆ, ನ್ಯಾಯ, ಆತಿಥ್ಯ ಇವುಗಳ ಮುಖ್ಯ ವಸ್ತು. ಆದರೂ ಕೊಟ್ಟಿಗೆ, ಹೊಲ, ನೂಲುವ ಕೈ ಇವುಗಳೂ ಅಲ್ಲಿ ಬರುತ್ತವೆ. ಹಳ್ಳಿಯ ಗಾದೆಗೂ ಪಂಡಿತರ ಸೂಕ್ತಿಗೂ ನಡುವೆ ಕೊಡುಕೊಳ್ಳುವಿಕೆ ಮೊದಲಿನಿಂದಲೇ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಎಲ್ಲ ಗಾದೆಗಳೂ ಐರ್ಲೆಂಡಿನಲ್ಲೇ ಹುಟ್ಟಿದವಲ್ಲ. ‘ಹಸಿವೇ ಒಳ್ಳೆಯ ವ್ಯಂಜನ’, ‘ಒಳ್ಳೆಯ ಆರಂಭ ಅರ್ಧ ಕೆಲಸ’ ಎಂಬವು ಲ್ಯಾಟಿನ್ ಮತ್ತು ಗ್ರೀಕ್ ಕಾಲದಿಂದ ಯುರೋಪಿನಾದ್ಯಂತ ಹರಡಿದ ನುಡಿಗಳು. ಬೈಬಲ್, ಚರ್ಚಿನ ಉಪನ್ಯಾಸ, ನಾರ್ಮನ್ನರು ಮತ್ತು ಇಂಗ್ಲಿಷರ ಒಡನಾಟದಿಂದಲೂ ಅನೇಕ ಗಾದೆಗಳು ಬಂದವು. ‘ಸೋದರನಿಲ್ಲದ ಹೆಗಲು ಬರಿದು’ ಎಂಬ ಗಾದೆಗೆ ಐಸ್‌ಲೆಂಡಿನ ಹಳೆಯ ಸಾಗಾ ಕಥನಗಳಲ್ಲಿ ಬಹಳ ಹತ್ತಿರದ ರೂಪವಿದೆ. ಈ ಹೋಲಿಕೆಗೆ ವೈಕಿಂಗರ ಒಡನಾಟ ಕಾರಣವಿರಬಹುದು; ಅವರು 795ರಿಂದ ಐರ್ಲೆಂಡಿನ ತೀರಕ್ಕೆ ದಾಳಿ ಮಾಡಿ, ಮುಂದೆ ಡಬ್ಲಿನ್ ಮೊದಲಾದ ಊರುಗಳಲ್ಲಿ ನೆಲೆಸಿದವರು. ಹೊರಗಿನಿಂದ ಬಂದ ನುಡಿಗಳೂ ಇಲ್ಲಿನ ಹುಲ್ಲುಗಾವಲು, ಜೌಗುನೆಲ, ಕಡಲಿನ ಸಾಮಗ್ರಿಯನ್ನು ತೊಟ್ಟುಕೊಂಡ ಮೇಲೆ ಸ್ಥಳೀಯವೇ ಆದವು. ಐರ್ಲೆಂಡಿನ ಗಾದೆಯ ವಿಶೇಷವನ್ನು ಅದರ ತೀರ್ಮಾನಕ್ಕಿಂತ ಅದು ಆಯ್ದುಕೊಳ್ಳುವ ವಸ್ತುವಿನಲ್ಲಿ ಹುಡುಕುವುದು ಹೆಚ್ಚು ಫಲಕಾರಿ.

ರಚನೆ

ಐರಿಶ್ ವಾಕ್ಯದಲ್ಲಿ ಕ್ರಿಯಾಪದ ಮೊದಲು ಬರುತ್ತದೆ. ಗಾದೆಗಳಲ್ಲಿ ಬಹಳಷ್ಟು ‘ಇಸ್’ ಎಂಬ ಸಂಬಂಧಸೂಚಕ ಕ್ರಿಯಾಪದದಿಂದ ಆರಂಭವಾಗಿ, ಅದರ ಹಿಂದೆಯೇ ಒತ್ತು ಬೀಳಬೇಕಾದ ಗುಣವಾಚಕವನ್ನು ಇಡುತ್ತವೆ. ‘ಇದಕ್ಕಿಂತ ಅದು ಲೇಸು’ ಎಂಬ ಹೋಲಿಕೆಯ ಚೌಕಟ್ಟು ಅತ್ಯಂತ ಸಾಮಾನ್ಯ: ‘ಜಗಳವಾದರೂ ಸರಿ, ಒಂಟಿತನಕ್ಕಿಂತ ಲೇಸು’, ‘ಕೆಟ್ಟದಾಗಿ ಎದುರು ನಿಲ್ಲುವುದಕ್ಕಿಂತ ಚೆನ್ನಾಗಿ ಓಡುವುದು ಲೇಸು’, ‘ಥೈಲಿಯ ಪೌಂಡಿಗಿಂತ ಕಚೇರಿಯಲ್ಲಿ ಒಂದು ಮಾತು ಲೇಸು’. ಕೊನೆಯದು ನ್ಯಾಯಾಲಯದಲ್ಲಿ ತಮ್ಮ ಪರವಾಗಿ ಮಾತಾಡುವವರಿದ್ದರೆ ಹಣಕ್ಕಿಂತ ಹೆಚ್ಚು ಎಂಬ, ಪರಭಾಷೆಯ ಕೋರ್ಟಿಗೆ ಹೋಗಬೇಕಾಗಿದ್ದ ಜನರ ಅರಿವು.

ಎರಡನೆಯ ಚೌಕಟ್ಟು ನಿಷೇಧದ್ದು. ‘ನೀ’ ಎಂಬ ನಿಷೇಧಪದದಿಂದ ಶುರುವಾಗುವ ‘ನೀ ನ್ಯಾರ್ಟ್ ಗೊ ಕುರ್ ಲೆ ಹೇಲ್ಯ’ ಎಂದರೆ ‘ಕೂಡಿ ದುಡಿಯದೆ ಬಲವಿಲ್ಲ’. ಮೂರನೆಯದು ‘ಯಾರು… ಅವರು’ ಎಂಬ ಸಂಬಂಧವಾಚಕ ವಾಕ್ಯ: ‘ಬಲವಿಲ್ಲದವನು ಜಾಣನಾಗಿರಲೇಬೇಕು’.

ನೆನಪಿನಲ್ಲಿ ಉಳಿಯುವುದಕ್ಕೆ ನಾದ ಮುಖ್ಯ. ಐರಿಶ್ ಕಾವ್ಯದಲ್ಲಿರುವ ಸ್ವರಪ್ರಾಸ ಗಾದೆಯಲ್ಲೂ ಇದೆ. ‘ಇಸ್ ಫಾರ್ ಅನ್ ಟ್ಲಾನ್ಚ ನಾ ನ ಟಾನ್ಚ’ ಎಂಬಲ್ಲಿ ಆರೋಗ್ಯ ಮತ್ತು ದನದ ಹಿಂಡು ಎಂಬ ಎರಡು ಪದಗಳು ಪ್ರಾಸದಲ್ಲಿ ಎದುರುಬದುರು ನಿಲ್ಲುತ್ತವೆ. ‘ಬ್ರಿಯತ್ರ’ ಮತ್ತು ‘ಬ್ರಾಹ್ರ’ ಎಂಬ ಪದಗಳು ಆದಿಪ್ರಾಸದಲ್ಲಿ ಜೋಡಿಯಾಗಿ ‘ಬರಿಯ ಮಾತು ಸನ್ಯಾಸಿಗಳ ಹೊಟ್ಟೆ ತುಂಬಿಸದು’ ಎಂಬ ಗಾದೆಯಾಗಿದೆ. ಅನುವಾದದಲ್ಲಿ ಮೊದಲು ಹೋಗುವುದು ಈ ನಾದವೇ. ಇಂಗ್ಲಿಷಿಗೆ ಬಂದ ಐರಿಶ್ ಗಾದೆಗಳು ಸಾಮಾನ್ಯವಾಗಿ ಚಿತ್ರವನ್ನು ಉಳಿಸಿಕೊಂಡು ಪ್ರಾಸವನ್ನು ಕಳೆದುಕೊಂಡಿವೆ.

ಉಕ್ತಿಗಾದೆಗಳ ಸಂಖ್ಯೆ ಕಡಿಮೆ, ಸೊಗಸು ಹೆಚ್ಚು. ‘ಚೂರುಪಾರೂ ನೆರವಿಗೇ ಬರುತ್ತದೆ ಎಂದಿತಂತೆ ಪುಟ್ಟ ರೆನ್ ಹಕ್ಕಿ, ಕಡಲಿಗೆ ಉಚ್ಚೆ ಹೊಯ್ಯುತ್ತ’ ಎಂಬುದು ಪ್ರಸಿದ್ಧ ಉದಾಹರಣೆ. ಐರ್ಲೆಂಡಿನ ಕಥೆಗಳಲ್ಲಿ ರೆನ್ ಬಹಳ ಚಿಕ್ಕದಾದರೂ ಹಕ್ಕಿಗಳ ಅರಸ.

ವಸ್ತು ಮತ್ತು ಅರ್ಥ

ದನ ಮತ್ತು ಕುದುರೆ

ಹಳೆಯ ಐರ್ಲೆಂಡಿನಲ್ಲಿ ಸಂಪತ್ತೆಂದರೆ ದನ. ನಾಣ್ಯ ಚಲಾವಣೆಗೆ ಬರುವ ಮುಂಚೆ ದಂಡ, ತೆರಿಗೆ, ಗೌರವಧನ ಎಲ್ಲವನ್ನೂ ಕರೆಯುವ ಹಸುವಿನ ಲೆಕ್ಕದಲ್ಲಿ ಕಟ್ಟುತ್ತಿದ್ದುದು ಪ್ರಾಚೀನ ಕಾನೂನು ಗ್ರಂಥಗಳಿಂದ ತಿಳಿಯುತ್ತದೆ. ಮೇಲೆ ಹೇಳಿದ ‘ಹಿಂಡುಗಳಿಗಿಂತ ಆರೋಗ್ಯ ಲೇಸು’ ಎಂಬ ಗಾದೆಯಲ್ಲಿ ಈಗಿನವರು ‘ಹಿಂಡು’ ಎಂಬುದನ್ನು ‘ಐಶ್ವರ್ಯ’ ಎಂದೇ ಓದಿಕೊಳ್ಳುತ್ತಾರೆ. ಅಲ್‌ಸ್ಟರಿನ ಮಹಾಕಥನದ ಹೆಸರಿನಲ್ಲಿ ದನಗಳ ಅಪಹರಣವನ್ನು ಸೂಚಿಸುವ ‘ಟಾನ್’ ಎಂಬ ಪದವೂ ಇದೇ ಬುಡದ್ದು.

ದನ ಇದ್ದವನ ಚಿಂತೆಯನ್ನು ಹೇಳುವ ಗಾದೆ ಇದಕ್ಕಿಂತ ನಿಖರ: ‘ಗುಡ್ಡದ ಮೇಲೆ ದನವಿದ್ದವನಿಗೆ ಹುಲ್ಲುಹಾಸಿಗೆಯ ಮೇಲೆ ನೆಮ್ಮದಿಯಿಲ್ಲ’. ಬೇಸಗೆಯಲ್ಲಿ ದನಗಳನ್ನು ಊರಿನಿಂದ ದೂರದ ಎತ್ತರದ ಹುಲ್ಲುಗಾವಲಿಗೆ ಅಟ್ಟಿ, ಅಲ್ಲೇ ಗುಡಿಸಲು ಹಾಕಿಕೊಂಡು ಹಾಲು ಕರೆದು ಬೆಣ್ಣೆ ತೆಗೆಯುವ ಪದ್ಧತಿ ಪಶ್ಚಿಮದ ಬೆಟ್ಟಗಳಲ್ಲಿ ಬಹುಕಾಲ ನಡೆಯಿತು. ಕಳವು, ರೋಗ, ಜೌಗಿನಲ್ಲಿ ಹೂತುಹೋಗುವುದು ಎಲ್ಲವೂ ಕಣ್ಣಳತೆಯಾಚೆ ನಡೆಯುವಂಥವು. ಆಸ್ತಿ ಬೆಳೆದಷ್ಟೂ ನಿದ್ದೆ ಕಡಿಮೆ ಎಂಬ ಸಾಮಾನ್ಯ ಅರ್ಥ ಈ ನಿಜವಾದ ಆತಂಕದಿಂದ ಹೊರಟಿದೆ.

‘ಕಡಲಾಚೆಯ ಹಸುಗಳಿಗೆ ಉದ್ದ ಕೊಂಬು’ ಎಂಬುದು ದೂರದ್ದನ್ನು ದೊಡ್ಡದಾಗಿ ಕಾಣುವ ಮನಸ್ಸಿನ ಬಗ್ಗೆ. ಅದರ ಜೊತೆಗಾರ ‘ದೂರದ ಗುಡ್ಡಗಳು ಹಸಿರು’. ಕನ್ನಡದ ‘ದೂರದ ಬೆಟ್ಟ ನುಣ್ಣಗೆ’ ಎಂಬುದು ಯಾವ ಸಂಪರ್ಕವೂ ಇಲ್ಲದೆ ಇದೇ ಮಾತನ್ನು ಹೇಳುತ್ತದೆ. ವಲಸೆ ಹೋಗುವವರ ಊರುಗಳಲ್ಲಿ ಈ ಎರಡೂ ಐರಿಶ್ ಗಾದೆಗಳು ಅಮೆರಿಕದ ಕನಸಿಗೆ ಎದುರಾಗಿ ಬಳಕೆಯಾಗಿವೆ.

‘ಬದುಕಿರು ಕುದುರೆಯೇ, ಹುಲ್ಲು ಸಿಕ್ಕೀತು’ ಎಂಬುದು ಮೇಲುನೋಟಕ್ಕೆ ತಾಳ್ಮೆಯ ಪಾಠ. ಸಂದರ್ಭ ನೋಡಿದರೆ ಸುಳ್ಳು ಭರವಸೆಯ ಮೇಲಿನ ಚುಚ್ಚುಮಾತು. ಹುಲ್ಲು ಚಿಗುರುವ ಹೊತ್ತಿಗೆ ಕುದುರೆ ಉಳಿದಿರುತ್ತದೆಯೇ ಎಂಬ ಪ್ರಶ್ನೆ ಅದರೊಳಗೇ ಇದೆ. ಐರ್ಲೆಂಡಿನ ಇಂಗ್ಲಿಷಿನಲ್ಲೂ ಇದು ಎರಡೂ ಅರ್ಥದಲ್ಲಿ ಬಳಕೆಯಲ್ಲಿದೆ.

ಹೊಲ, ಬೆಳೆ, ಸೂರು

‘ವಸಂತದಲ್ಲಿ ಬಿತ್ತದಿದ್ದರೆ ಶರತ್ಕಾಲದಲ್ಲಿ ಕೊಯ್ಯಲಾರೆ’ ಎಂಬಂಥ ನೇರ ನುಡಿಗಳಿಗೆ ವಿವರಣೆ ಬೇಡ. ‘ಭಾರವಾದ ತೆನೆಯೇ ಹೆಚ್ಚು ತಲೆ ಬಾಗುತ್ತದೆ’ ಎಂಬುದು ತಿಳಿದವನ ವಿನಯಕ್ಕೆ ಅನ್ವಯ.

ಬೇಸಾಯದ ಸುತ್ತಿನ ಗಾದೆಗಳಲ್ಲಿ ಅತ್ಯಂತ ಅರ್ಥವತ್ತಾದದ್ದು ಮನೆಯ ಸೂರಿಗೆ ಸಂಬಂಧಿಸಿದ್ದು: ‘ನೀ ಹೇ ಲಾ ನ ಗೀಹ ಲಾ ನ ಸ್ಕೊಲಬ್’, ಅಂದರೆ ‘ಗಾಳಿಯ ದಿನ ಸ್ಕೊಲಬಿನ ದಿನವಲ್ಲ’. ಸ್ಕೊಲಬ್ ಎಂದರೆ ಸೂರಿನ ಹುಲ್ಲು ಹಾರಿಹೋಗದಂತೆ ಚುಚ್ಚಿ ಹಿಡಿಸುವ ಕಡ್ಡಿ. ಹೇಜಲ್ ಅಥವಾ ವಿಲೋ ಮರದ ನೇರವಾದ ಕೊಂಬೆಯನ್ನು ಕಡಿದು, ಸೀಳಿ, ಎರಡೂ ತುದಿಗಳನ್ನು ಚೂಪು ಮಾಡುತ್ತಾರೆ. ನಡುವೆ ತಿರುಚಿ ಬಗ್ಗಿಸಿದಾಗ ಅದು ತಲೆಗೂದಲಿನ ಪಿನ್ನಿನ ಆಕಾರಕ್ಕೆ ಬರುತ್ತದೆ. ಹೊಸದಾಗಿ ಹೊದಿಸಿದ ಹುಲ್ಲಿನ ಮೇಲೆ ಅಡ್ಡ ಕಡ್ಡಿ ಇಟ್ಟು, ಅದನ್ನು ಈ ಬಾಗಿದ ಕಡ್ಡಿಯಿಂದ ಕೆಳಗಿನ ಹಳೆಯ ಹೊದಿಕೆಯ ಒಳಕ್ಕೆ ಬಲವಾಗಿ ಒತ್ತುತ್ತಾರೆ. ಒಂದು ಸೂರಿಗೆ ಇಂಥ ಕಡ್ಡಿಗಳು ರಾಶಿಗಟ್ಟಲೆ ಬೇಕು. ಕಡಿದು, ಸೀಳಿ, ಕಟ್ಟಿಡುವ ಕೆಲಸ ಬಿರುಗಾಳಿ ಏಳುವ ಎಷ್ಟೋ ಮೊದಲೇ ಮುಗಿದಿರಬೇಕು. ಹುಲ್ಲು ಹಾರಾಡುವ ಹೊತ್ತಿಗೆ ಕೊಂಬೆ ಹುಡುಕಲು ಹೊರಟವನ ಮನೆ ನೆನೆಯುವುದು ಖಂಡಿತ. ಅಟ್ಲಾಂಟಿಕ್ ತೀರದ ಊರುಗಳಲ್ಲಿ ಗಾಳಿಯ ಹೊಡೆತ ಇನ್ನೂ ಹೆಚ್ಚು. ಅಲ್ಲಿ ಕಡ್ಡಿಯ ಬದಲು ಸೂರಿನ ಮೇಲೆ ಹಗ್ಗ ಹಾಯಿಸಿ, ಗೋಡೆಗೆ ನೆಟ್ಟ ಗೂಟಕ್ಕೋ ಕಲ್ಲಿಗೋ ಬಿಗಿಯುವ ಕ್ರಮವಿತ್ತು. ಮುಂಚಿತ ಸಿದ್ಧತೆಯ ಬಗ್ಗೆ ಮಾತಾಡುವಾಗ ಈ ಗಾದೆಯನ್ನು ಇಂದಿಗೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ‘ಗಾಳಿಯ ದಿನ ಹುಲ್ಲು ಹೊದಿಸುವ ದಿನವಲ್ಲ’ ಎಂಬ ಸಡಿಲ ರೂಪ ಚಲಾವಣೆಯಲ್ಲಿದೆ.

ಒಲೆಯ ಬಗ್ಗೆ ಒಂದೇ ಗಾದೆ ಸಾಕು ಎನ್ನುವಷ್ಟು ಪ್ರಸಿದ್ಧಿ ‘ನಿನ್ನ ಸ್ವಂತ ಒಲೆಬದಿಯಂಥ ಒಲೆಬದಿ ಇನ್ನಿಲ್ಲ’ ಎಂಬುದಕ್ಕಿದೆ. ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳು ಇಲ್ಲಿನ ಉರುವಲು. ರಾತ್ರಿ ಕೆಂಡವನ್ನು ಬೂದಿಯಿಂದ ಮುಚ್ಚಿ, ಬೆಳಿಗ್ಗೆ ಅದರಿಂದಲೇ ಬೆಂಕಿ ಎಬ್ಬಿಸುತ್ತಿದ್ದರು. ನೆರೆಯವರು ಸಂಜೆ ಕಥೆ ಕೇಳಲು ಸೇರುತ್ತಿದ್ದುದೂ ಆ ಒಲೆಯ ಸುತ್ತಲೇ. ಈ ಗಾದೆಯ ಪದಗಳನ್ನು ಸ್ವಲ್ಪ ತಿರುಚಿ ‘ನಿನ್ನ ಸ್ವಂತ ನೋಯುವ ಕುಂಡಿಯಂಥದ್ದು ಇನ್ನಿಲ್ಲ’ ಎಂದು ಮಾಡಿದ ಅಣಕು ರೂಪವನ್ನೂ ಐರಿಶ್ ಬಲ್ಲವರೆಲ್ಲ ಅರಿತಿದ್ದಾರೆ.

ನೆರೆಹೊರೆ ಮತ್ತು ಬಂಧುತ್ವ

ಕೊಯ್ಲು, ಪೀಟ್ ಕಡಿಯುವುದು, ಆಲೂಗಡ್ಡೆ ಅಗೆಯುವುದು ಇವಕ್ಕೆ ನೆರೆಯವರೆಲ್ಲ ಕೂಡಿ ಒಬ್ಬೊಬ್ಬರ ಹೊಲದಲ್ಲಿ ಸರದಿಯಂತೆ ದುಡಿಯುವ ‘ಮೆಹಲ್’ ಎಂಬ ವ್ಯವಸ್ಥೆ ಐರ್ಲೆಂಡಿನ ಹಳ್ಳಿಗಳಲ್ಲಿತ್ತು. ಕರ್ನಾಟಕದ ಓದುಗರು ಇದನ್ನು ಮುಯ್ಯಾಳು ಎಂದು ಗುರುತಿಸಬಹುದು. ‘ಜನ ಬದುಕುವುದು ಒಬ್ಬರ ನೆರಳಿನಲ್ಲಿ ಒಬ್ಬರು’ ಎಂಬ ಗಾದೆ ಈ ಹಿನ್ನೆಲೆಯದ್ದು. ಇಲ್ಲಿ ‘ನೆರಳು’ ಎಂದರೆ ಆಸರೆ. ‘ಇಬ್ಬರಿದ್ದರೆ ದಾರಿ ಗಿಡ್ಡ’ ಎಂಬ ಗಾದೆಗೆ ಗೊಬಾನ್ ಸೇರ್ ಎಂಬ ಪೌರಾಣಿಕ ಶಿಲ್ಪಿಯ ಕಥೆಯ ಬೆಂಬಲವಿದೆ. ‘ದಾರಿಯನ್ನು ಗಿಡ್ಡ ಮಾಡು’ ಎಂದು ಅವನು ಮಗನಿಗೆ ಹೇಳುತ್ತಾನೆ. ಮಗ ಕಂಗಾಲಾದಾಗ ಜಾಣೆಯಾದ ಅವನ ಹೆಂಡತಿ ‘ನಡೆಯುತ್ತ ಕಥೆ ಹೇಳು’ ಎಂದು ಉಪಾಯ ಕೊಡುತ್ತಾಳೆ.

‘ಅನ್ನ ಅತಿ ಕಡಿಮೆಯಾದಾಗಲೇ ಹಂಚಿ ತಿನ್ನುವುದು ನ್ಯಾಯ’ ಎಂಬ ಮನ್‌ಸ್ಟರಿನ ಗಾದೆ ಇವುಗಳಲ್ಲಿ ಮನಸ್ಸಿಗೆ ಹೆಚ್ಚು ತಟ್ಟುವಂಥದ್ದು. ಹಳೆಯ ಆಲೂಗಡ್ಡೆ ಮುಗಿದು ಹೊಸದು ಕೈಗೆ ಬರುವ ಮುಂಚಿನ ತಿಂಗಳನ್ನು ಈ ಜನ ‘ಎಲೆಕೋಸಿನ ಜುಲೈ’ ಎಂದು ಕರೆಯುತ್ತಿದ್ದರು. ಬಡವರ ಮನೆಯಲ್ಲಿ ಆಗ ತಿನ್ನಲು ಉಳಿದದ್ದು ಎಲೆಕೋಸು ಮಾತ್ರ. ಹಂಚುವಿಕೆಯ ಗಾದೆ ಹೊಟ್ಟೆ ತುಂಬಿದವರ ಧರ್ಮೋಪದೇಶವಾಗಿರದೆ ಪ್ರತಿ ವರ್ಷ ಎದುರಾಗುವ ಕೊರತೆಯ ನಡುವಿನ ನಡವಳಿಕೆಯ ನಿಯಮವಾಗಿತ್ತು.

ಮದುವೆಯ ಬಗ್ಗೆ: ‘ಬೈಸಿಕೊಳ್ಳಬೇಕಾದರೆ ಮದುವೆಯಾಗು, ಹೊಗಳಿಸಿಕೊಳ್ಳಬೇಕಾದರೆ ಸಾಯಿ’. ಮಾತಿನ ಬಗ್ಗೆ: ‘ಮೌನವಾದ ಬಾಯಿ ಇಂಪು’, ‘ಬಾಯಿ ಎಷ್ಟೋ ಸಲ ಮೂಗು ಮುರಿಸಿದೆ’, ‘ಒಳ್ಳೆಯ ಮಾತು ಯಾರ ಹಲ್ಲನ್ನೂ ಮುರಿದಿಲ್ಲ’. ಎಳೆಯರ ಬಗ್ಗೆ: ‘ಎಳೆಯರನ್ನು ಹೊಗಳು, ಅವರು ಏಳಿಗೆಯಾಗುತ್ತಾರೆ’. ಹುಟ್ಟುಗುಣದ ಬಗ್ಗೆ: ‘ಬೆಕ್ಕಿನ ಕಣ್ಣಿನಲ್ಲಿ ಅದರ ಹುಟ್ಟುಗುಣ ಇಣುಕುತ್ತದೆ’, ‘ಮೇಕೆಗೆ ರೇಷ್ಮೆ ಉಡಿಸಿದರೂ ಮೇಕೆ ಮೇಕೆಯೇ’, ‘ಜೀರುಂಡೆ ಜೀರುಂಡೆಯನ್ನು ಗುರುತಿಸುತ್ತದೆ’.

‘ಬದುವಿನ ಮೇಲೆ ಕೂತವನೇ ಉತ್ತಮ ಹರ್ಲಿಂಗ್ ಆಟಗಾರ’ ಎಂಬುದಕ್ಕೆ ಸ್ವಲ್ಪ ವಿವರಣೆ ಬೇಕು. ಹರ್ಲಿಂಗ್ ಎಂಬುದು ಕೋಲು ಮತ್ತು ಚೆಂಡಿನಿಂದ ಬಯಲಿನಲ್ಲಿ ಆಡುವ ಐರ್ಲೆಂಡಿನ ಪ್ರಾಚೀನ ಆಟ. ಹೊಲದ ಅಂಚಿನ ಮಣ್ಣಿನ ಏರಿಯ ಮೇಲೆ ಕುಳಿತ ಪ್ರೇಕ್ಷಕ ಆಡುವವರ ತಪ್ಪುಗಳನ್ನು ಎಣಿಸುತ್ತಾನೆ. ಹೊಣೆ ಹೊರದೆ ಟೀಕಿಸುವವರನ್ನು ‘ಬದುವಿನ ಮೇಲಿನ ಹರ್ಲರ್’ ಎನ್ನುವುದು ಐರ್ಲೆಂಡಿನ ರಾಜಕೀಯ ಭಾಷೆಯಲ್ಲಿ ನೆಲೆಸಿಬಿಟ್ಟಿದೆ.

ಕಡಲು, ದೈವ, ಕಾಲ

ಪಶ್ಚಿಮ ತೀರದವರ ಗಾದೆಗಳಲ್ಲಿ ಉಬ್ಬರವಿಳಿತ ಮತ್ತೆ ಮತ್ತೆ ಬರುತ್ತದೆ. ‘ಎಷ್ಟೇ ದೊಡ್ಡ ಪ್ರವಾಹವಾದರೂ ಇಳಿಯದೆ ಇರದು’ ಎಂಬುದು ಕಷ್ಟದಲ್ಲಿರುವವರಿಗೆ ಸಮಾಧಾನವಾದರೆ, ‘ನಿಧಾನಗಾರನಿಗೆ ಇಳಿತ ಕಾಯದು’ ಎಂಬುದು ಎಚ್ಚರಿಕೆ. ಇಳಿತದ ಹೊತ್ತಿನಲ್ಲಿ ಕಡಲಪಾಚಿ ಕೊಯ್ದು ಗದ್ದೆಗೆ ಗೊಬ್ಬರವಾಗಿ ಸಾಗಿಸುತ್ತಿದ್ದವರಿಗೆ ಆ ಕೆಲವು ಗಂಟೆಗಳೇ ದುಡಿಮೆಯ ಅವಧಿ. ದೈವನಂಬಿಕೆಯ ಗಾದೆಗಳಲ್ಲಿ ‘ದೇವರ ನೆರವು ಬಾಗಿಲಿಗಿಂತ ಹತ್ತಿರ’ ಎಂಬುದು ಹೆಚ್ಚು ಬಳಕೆಯದು. ‘ಹಗಲು ಎಷ್ಟು ಉದ್ದವಾದರೂ ಸಂಜೆ ಬಂದೇ ಬರುತ್ತದೆ’ ಎಂಬುದನ್ನು ದುಡಿಮೆಗೂ ಆಯುಷ್ಯಕ್ಕೂ ಹೇಳುತ್ತಾರೆ.

ಪರಸ್ಪರ ವಿರುದ್ಧವಾದ ಗಾದೆಗಳೂ ಇವೆ. ‘ಒಳ್ಳೆಯ ಆರಂಭ ಅರ್ಧ ಕೆಲಸ’ ಎಂಬ ಬಾಯಲ್ಲೇ ‘ಪ್ರತಿಯೊಂದು ಆರಂಭವೂ ದುರ್ಬಲ’ ಎನ್ನುತ್ತಾರೆ. ಒಂಟಿತನಕ್ಕಿಂತ ಜಗಳ ಲೇಸೆನ್ನುವ ಜನ ‘ಕೆಟ್ಟ ಸಹವಾಸಕ್ಕಿಂತ ಒಂಟಿಯಾಗಿರುವುದು ಲೇಸು’ ಎಂದೂ ಹೇಳುತ್ತಾರೆ. ಗಾದೆ ಸಾರ್ವತ್ರಿಕ ಸತ್ಯವೆಂದು ಮಂಡನೆಯಾಗುವುದಿಲ್ಲ, ಎದುರಿಗಿರುವ ಒಂದು ಸಂದರ್ಭಕ್ಕೆ ಹೊಂದಿಸಿ ಆಡುವ ತೀರ್ಪು ಎಂಬುದನ್ನು ಇಂಥ ಜೋಡಿಗಳು ಸ್ಪಷ್ಟಪಡಿಸುತ್ತವೆ.

ತ್ರಿಕಗಳು

ಮೂರರ ಕಟ್ಟು ಕೆಲ್ಟಿಕ್ ಭಾಷೆಗಳ ಹಳೆಯ ರೂಢಿ; ವೇಲ್ಸಿನಲ್ಲೂ ಇದು ಸಮೃದ್ಧವಾಗಿದೆ. ಮೇಯರ್ ಸಂಪಾದಿಸಿದ ಐರಿಶ್ ಸಂಕಲನದಲ್ಲಿ 256 ನುಡಿಗಳಿದ್ದು ಬಹುಪಾಲು ತ್ರಿಕಗಳೇ. ಅವುಗಳಲ್ಲೊಂದು ಲೋಕವನ್ನು ಎತ್ತಿ ಹಿಡಿದಿರುವ ಮೂರು ತೆಳುವಾದ ವಸ್ತುಗಳನ್ನು ಎಣಿಸುತ್ತದೆ: ಕೆಚ್ಚಲಿನಿಂದ ಪಾತ್ರೆಗೆ ಇಳಿಯುವ ಹಾಲಿನ ಧಾರೆ, ನೆಲದ ಮೇಲೆ ಮೊಳೆತ ಪೈರಿನ ಎಸಳು, ಕುಶಲ ಹೆಣ್ಣಿನ ಕೈಯ ಮೇಲೆ ಹಾಯುವ ನೂಲು. ಹೈನು, ಬೇಸಾಯ, ನೇಯ್ಗೆ ಎಂಬ ಮೂರು ದುಡಿಮೆಗಳ ಮೇಲೆ ನಿಂತ ಸಮಾಜವನ್ನು ಇಷ್ಟು ಅಡಕವಾಗಿ ಹೇಳಿದ ನುಡಿ ಬೇರೊಂದು ಸಿಗುವುದು ಕಷ್ಟ.

ಬಾಯಿಮಾತಿನಲ್ಲಿ ಉಳಿದ ತ್ರಿಕಗಳಲ್ಲಿ ‘ಎಚ್ಚರವಿರಬೇಕಾದ ಮೂರು: ಗೂಳಿಯ ಕೊಂಬು, ಕುದುರೆಯ ಗೊರಸು, ಇಂಗ್ಲಿಷನ ನಗು’ ಎಂಬುದು ವಸಾಹತು ಆಳ್ವಿಕೆಯ ನೆನಪನ್ನು ಹೊತ್ತಿದೆ. ‘ಅರ್ಥವಾಗದ ಮೂರು: ಹೆಣ್ಣಿನ ಬುದ್ಧಿ, ಜೇನಿನ ಕೆಲಸ, ಉಬ್ಬರವಿಳಿತ’ ಎಂಬುದು ಗಂಡಸಿನ ದೃಷ್ಟಿಯಲ್ಲಿ ನಿಂತು ಆಡಿದ ಮಾತು. ಹೆಂಗಸರು, ಪಾದ್ರಿಗಳು, ಅಲೆಮಾರಿಗಳನ್ನು ಹಳಿಯುವ ಗಾದೆಗಳು ಹಳೆಯ ಸಂಗ್ರಹಗಳಲ್ಲಿ ಕಡಿಮೆಯೇನಿಲ್ಲ. ಇಂದಿನ ಜನಪ್ರಿಯ ಪುಸ್ತಕಗಳು ಅವನ್ನು ಕೈಬಿಡುವುದರಿಂದ ಪರಂಪರೆ ಇದ್ದುದಕ್ಕಿಂತ ಮೃದುವಾಗಿ ಕಾಣುತ್ತದೆ.

ಹವಾಮಾನ ನುಡಿಗಳು

ಹಳ್ಳಿಯ ಪಂಚಾಂಗ ಸಂತರ ಹಬ್ಬಗಳ ಸುತ್ತ ತಿರುಗುತ್ತದೆ. ಸಂತ ಬ್ರಿಜಿಡಳ ದಿನವಾದ ಫೆಬ್ರವರಿ 1 ವಸಂತದ ಆರಂಭ, ಸಂತ ಪ್ಯಾಟ್ರಿಕನ ದಿನ ಮಾರ್ಚ್ 17. ‘ನನ್ನ ದಿನದಿಂದ ದಿನ ಬಿಟ್ಟು ದಿನ ಒಳ್ಳೆಯದು ಎಂದಳು ಬ್ರಿಜಿಡ್; ನನ್ನ ದಿನದಿಂದ ಪ್ರತಿದಿನವೂ ಒಳ್ಳೆಯದು ಎಂದ ಪ್ಯಾಟ್ರಿಕ್’ ಎಂಬ ನುಡಿ ಹವೆ ಹಂತಹಂತವಾಗಿ ಸುಧಾರಿಸುವುದನ್ನು ಹೇಳುತ್ತದೆ. ‘ಹಸಿರು ಕ್ರಿಸ್‌ಮಸ್, ಕೊಬ್ಬಿದ ಸ್ಮಶಾನ’ ಎಂದರೆ ಹಿಮಚಳಿ ಇಲ್ಲದ ಬೆಚ್ಚನೆಯ ಡಿಸೆಂಬರ್ ರೋಗ ತರುತ್ತದೆ ಎಂಬ ನಂಬಿಕೆ.

ಏಪ್ರಿಲ್‌ನ ಮೊದಲ ದಿನಗಳಿಗೆ ‘ಪಟ್ಟೆ ಹಸುವಿನ ದಿನಗಳು’ ಎಂಬ ಹೆಸರಿದೆ. ಕಥೆ ಹೀಗಿದೆ: ಮಾರ್ಚ್ ಮುಗಿದ ಸಂತೋಷದಲ್ಲಿ ಪಟ್ಟೆಪಟ್ಟೆಯ ಮುದಿ ಹಸುವೊಂದು, ಮಾರ್ಚ್ ತನ್ನನ್ನು ಕೊಲ್ಲಲಾಗಲಿಲ್ಲ ಎಂದು ಜಂಬ ಕೊಚ್ಚಿತು. ಸಿಟ್ಟಾದ ಮಾರ್ಚ್, ಏಪ್ರಿಲ್‌ನಿಂದ ಕೆಲವು ದಿನ ಸಾಲ ಪಡೆದು, ಕೊರೆಯುವ ಗಾಳಿ ಬೀಸಿ ಅದನ್ನು ಕೊಂದು ಚರ್ಮ ಸುಲಿಯಿತು. ಸಾಲದ ದಿನಗಳು ಕೆಲವೆಡೆ ಮೂರು, ಕೆಲವೆಡೆ ಒಂಬತ್ತು. ಈ ಬಗೆಯ ಸಾಲದ ದಿನಗಳ ಕಥೆ ಯುರೋಪಿನ ಹಲವು ನಾಡುಗಳಲ್ಲಿದೆ. ಐರ್ಲೆಂಡಿನ ರೈತನಿಗೆ ಇದರಲ್ಲೊಂದು ವ್ಯಾವಹಾರಿಕ ಸಂಗತಿಯಿತ್ತು: ಚಳಿಗಾಲದ ಮೇವು ಮುಗಿದು ಹೊಸ ಹುಲ್ಲು ಇನ್ನೂ ಏಳದ ಆ ವಾರಗಳಲ್ಲೇ ಬಡಕಲು ದನಗಳು ಸಾಯುತ್ತಿದ್ದವು. ಚಳಿ ಹೋಯಿತೆಂದು ದನವನ್ನು ಬೇಗ ಹೊರಗಟ್ಟಬಾರದು ಎಂಬ ತಿಳಿವಳಿಕೆ ಕಥೆಯ ರೂಪದಲ್ಲಿ ಉಳಿದಿದೆ.

ಬಳಕೆ

ಗಾದೆಯನ್ನು ಒಂಟಿಯಾಗಿ ಪಠಿಸುವ ರೂಢಿ ಹಳ್ಳಿಯಲ್ಲಿರಲಿಲ್ಲ. ವಾದ ಮುಗಿಸಲು, ಮಕ್ಕಳನ್ನು ತಿದ್ದಲು, ಸಂತೆಯಲ್ಲಿ ದನದ ಬೆಲೆ ಕುದುರಿಸಲು, ಸಾವಿನ ಮನೆಯಲ್ಲಿ ಸಾಂತ್ವನ ಹೇಳಲು ಅದು ಒದಗುತ್ತಿತ್ತು. ‘ಹಳೆಯ ಮಾತು ಹೇಳುವ ಹಾಗೆ’ ಎಂಬ ಪೀಠಿಕೆಯೊಂದಿಗೆ ಬರುವ ಗಾದೆಗೆ ಆಡಿದವರ ಸ್ವಂತ ಅಭಿಪ್ರಾಯಕ್ಕಿಂತ ಹೆಚ್ಚಿನ ತೂಕ. ನೇರವಾಗಿ ಹೇಳಲಾಗದ ಟೀಕೆಯನ್ನು ಯಾರ ಮನಸ್ಸಿಗೂ ತಾಗದಂತೆ ಹೇಳಲು ಅದು ದಾರಿ. ಕಥೆ ಹೇಳುವ ‘ಶಾನಖೀ’ಗಳು ಗಾದೆಗಳಲ್ಲೂ ನಿಪುಣರಾಗಿದ್ದರು. ಕೆರಿ ಜಿಲ್ಲೆಯ ಗ್ರೇಟ್ ಬ್ಲಾಸ್ಕೆಟ್ ದ್ವೀಪದಲ್ಲಿ ಬಾಳಿದ ಪೆಗ್ ಸೇಯರ್ಸ್ (1873–1958) ಅವರ ಆತ್ಮಕಥನ 1936ರಲ್ಲಿ ಪ್ರಕಟವಾಗಿ, ದಶಕಗಳ ಕಾಲ ಶಾಲೆಗಳಲ್ಲಿ ಪಠ್ಯವಾಗಿತ್ತು. ಗಾದೆಗಳು ಸಹಜ ಮಾತಿನಲ್ಲಿ ಹೇಗೆ ಹೆಣೆದುಕೊಳ್ಳುತ್ತವೆ ಎಂದು ನೋಡಲು ಅದು ಒಳ್ಳೆಯ ಆಕರ. ಆ ದ್ವೀಪದ ಕೊನೆಯ ನಿವಾಸಿಗಳನ್ನು 1953ರಲ್ಲಿ ಮುಖ್ಯಭೂಮಿಗೆ ಸ್ಥಳಾಂತರಿಸಲಾಯಿತು.

ಭಾಷೆಯ ಪಲ್ಲಟ

1831ರಲ್ಲಿ ಆರಂಭವಾದ ರಾಷ್ಟ್ರೀಯ ಶಾಲೆಗಳ ಬೋಧನಾ ಭಾಷೆ ಇಂಗ್ಲಿಷ್. 1845ರಿಂದ 1852ರವರೆಗಿನ ಮಹಾಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅಷ್ಟೇ ಅಥವಾ ಅದಕ್ಕೂ ಹೆಚ್ಚು ಜನ ನಾಡು ಬಿಟ್ಟರು. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕಿಳಿಯಿತು. ಆಲೂಗಡ್ಡೆಯನ್ನೇ ನಂಬಿದ್ದ ಪಶ್ಚಿಮದ ಬಡ ಹಳ್ಳಿಗಳೇ ಐರಿಶ್ ಭಾಷೆಯ ನೆಲೆಯೂ ಆಗಿದ್ದುದರಿಂದ ಪೆಟ್ಟು ಭಾಷೆಗೇ ಬಿತ್ತು. ಗಾದೆಗಳ ಮೇಲೆ ಪರಿಣಾಮ ಎರಡು ಬಗೆಯದ್ದು. ಚಿತ್ರಪ್ರಧಾನವಾದವು ಇಂಗ್ಲಿಷಿಗೆ ದಾಟಿ ಉಳಿದವು; ನಾದ ಮತ್ತು ಪದಚಾತುರ್ಯವನ್ನೇ ನೆಚ್ಚಿದವು ಐರಿಶ್ ಆಡುವ ತೀರಪ್ರದೇಶಗಳಿಗೆ ಸೀಮಿತವಾದವು.

1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್ ಭಾಷೆಯ ಪುನರುಜ್ಜೀವನಕ್ಕೆ ತೊಡಗಿದ ಮೇಲೆ ಗಾದೆಯ ರೂಪದಲ್ಲೇ ಹೊಸ ಘೋಷಣೆಗಳು ಹುಟ್ಟಿದವು. ‘ಭಾಷೆಯಿಲ್ಲದ ನಾಡು ಆತ್ಮವಿಲ್ಲದ ನಾಡು’, ‘ಚತುರ ಇಂಗ್ಲಿಷಿಗಿಂತ ಮುರುಕು ಐರಿಶ್ ಲೇಸು’ ಎಂಬವು ಇಂದು ಎಲ್ಲರಿಗೂ ಗೊತ್ತಿರುವ ನುಡಿಗಳಾದರೂ ಹೊಲಗದ್ದೆಯ ಗಾದೆಗಳ ಸಾಲಿಗೆ ಸೇರುವುದಿಲ್ಲ. ಅವು ಚಳವಳಿಯ ಕೂಸುಗಳು.

ಸಂಗ್ರಹ ಮತ್ತು ಅಧ್ಯಯನ

ಬೆಲ್‌ಫಾಸ್ಟಿನ ರಾಬರ್ಟ್ ಮ್ಯಾಕಾಡಮ್ ಅಲ್‌ಸ್ಟರ್ ಪ್ರಾಂತದ ಆರುನೂರು ಗಾದೆಗಳನ್ನು 1858ರಿಂದ 1862ರವರೆಗೆ ಪುರಾತತ್ತ್ವ ಪತ್ರಿಕೆಯೊಂದರಲ್ಲಿ ಕಂತುಗಳಲ್ಲಿ ಪ್ರಕಟಿಸಿದ್ದು ಆಧುನಿಕ ಸಂಗ್ರಹದ ಮೊದಲ ದೊಡ್ಡ ಹೆಜ್ಜೆ. ಅದೇ ಪ್ರಾಂತದ ವಿಸ್ತಾರವಾದ ಸಂಗ್ರಹವನ್ನು ಎನ್ರಿ ಓ ಮಿರಿಸ 1907ರಲ್ಲಿ ತಂದರು. ತಾಮಸ್ ಎಫ್. ಓರಾಹಿಲಿ 1922ರ ತಮ್ಮ ಪುಸ್ತಕದಲ್ಲಿ ಹಳೆಯ ಹಸ್ತಪ್ರತಿಗಳ ನುಡಿಗಳನ್ನೂ ಜೀವಂತ ಬಳಕೆಯನ್ನೂ ಹೋಲಿಸಿದರು. ಮನ್‌ಸ್ಟರಿನ ಗಾದೆಗಳನ್ನು ‘ಅನ್ ಶೌಕ್’ (ಗಿಡುಗ) ಎಂಬ ಕಾವ್ಯನಾಮದ ಲೇಖಕ 1926ರಲ್ಲೂ, ಕಾನಕ್ಟಿನವನ್ನು ತೊಮಾಸ್ ಓ ಮಾಲ್ಯ 1948 ಮತ್ತು 1952ರಲ್ಲಿ ಎರಡು ಸಂಪುಟಗಳಲ್ಲೂ ಪ್ರಕಟಿಸಿದರು.

1935ರಲ್ಲಿ ಸರ್ಕಾರ ಐರಿಶ್ ಜಾನಪದ ಆಯೋಗವನ್ನು ಸ್ಥಾಪಿಸಿತು. ಶೇಮಸ್ ಓ ಡಿಲ್ಯರ್ಗ ನಿರ್ದೇಶಕರಾಗಿದ್ದ ಈ ಆಯೋಗ 1970ರವರೆಗೆ ಕೆಲಸ ಮಾಡಿತು. ಅದರ ಸಂಗ್ರಾಹಕರು ಮೇಣದ ಕೊಳವೆಯ ಧ್ವನಿಮುದ್ರಣ ಯಂತ್ರಗಳನ್ನು ಹೊತ್ತು ಹಳ್ಳಿ ಹಳ್ಳಿ ಸುತ್ತಿ, ಕೇಳಿದ್ದನ್ನು ಪದ ಬಿಡದೆ ಬರೆದಿಟ್ಟರು. ಆಯೋಗದ ಅತ್ಯಂತ ವಿಶಿಷ್ಟ ಯೋಜನೆ 1937ರಿಂದ 1939ರವರೆಗೆ ನಡೆದ ಶಾಲಾ ಸಂಗ್ರಹ. 26 ಜಿಲ್ಲೆಗಳ ಸುಮಾರು 5,000 ಪ್ರಾಥಮಿಕ ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ತಮ್ಮ ಅಜ್ಜ, ಅಜ್ಜಿ, ನೆರೆಹೊರೆಯ ಹಿರಿಯರನ್ನು ಕೇಳಿ ಕಥೆ, ಮದ್ದು, ಆಟ, ಗಾದೆಗಳನ್ನು ನೋಟ್ ಪುಸ್ತಕಗಳಲ್ಲಿ ಬರೆದರು. ಮಗುವಿನ ಕೈಬರಹದಲ್ಲಿರುವ ಪುಟದಲ್ಲಿ ಹೇಳಿದ ಹಿರಿಯರ ಹೆಸರು, ಊರು, ವಯಸ್ಸು ಎಷ್ಟೋ ಕಡೆ ನಮೂದಾಗಿದೆ. ಇದರಿಂದ ಒಂದು ಗಾದೆ ಯಾವ ಹಳ್ಳಿಯಲ್ಲಿ, ಯಾವ ಭಾಷೆಯಲ್ಲಿ ಬಳಕೆಯಲ್ಲಿತ್ತು ಎಂದು ಗುರುತಿಸಲು ಸಾಧ್ಯವಾಗಿದೆ. ಈ ಸಾಮಗ್ರಿ ಈಗ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್‌ನಲ್ಲಿರುವ ರಾಷ್ಟ್ರೀಯ ಜಾನಪದ ಸಂಗ್ರಹದಲ್ಲಿದೆ. ಆಯೋಗದ ಸಂಗ್ರಹವನ್ನು ಯುನೆಸ್ಕೋ 2017ರಲ್ಲಿ ‘ಜಗತ್ತಿನ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಇಂದಿನ ಸ್ಥಿತಿ

ಐರಿಶ್ 1937ರ ಸಂವಿಧಾನದ ಪ್ರಕಾರ ದೇಶದ ಮೊದಲ ಅಧಿಕೃತ ಭಾಷೆ. 2007ರಿಂದ ಐರೋಪ್ಯ ಒಕ್ಕೂಟದ ಅಧಿಕೃತ ಭಾಷೆಗಳಲ್ಲೊಂದು. 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ಐರಿಶ್ ಮಾತಾಡಬಲ್ಲೆವು ಎಂದರೂ, ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72,000 ಮಾತ್ರ. ಡೊನೆಗಾಲ್, ಗಾಲ್ವೇ, ಕೆರಿ ಮೊದಲಾದ ಜಿಲ್ಲೆಗಳ ‘ಗೇಲ್ಟಖ್ಟ್’ ಎಂಬ ಐರಿಶ್ ಭಾಷಾ ಪ್ರದೇಶಗಳಲ್ಲಿ ಗಾದೆಗಳು ಇನ್ನೂ ಮನೆಮಾತಿನ ಭಾಗ. ಉಳಿದೆಡೆ ಹೆಚ್ಚಿನವರಿಗೆ ಅವು ಸಿಗುವುದು ಶಾಲೆಯಲ್ಲಿ: ಪ್ರಬಂಧ ಬರೆಯುವಾಗ ಬಳಸಲೆಂದು ಮಕ್ಕಳು ಒಂದಷ್ಟನ್ನು ಬಾಯಿಪಾಠ ಮಾಡುತ್ತಾರೆ. ‘ಎಳೆಯರನ್ನು ಹೊಗಳು’ ಎಂಬುದು ಶಾಲೆಗಳಿಗೂ, ‘ಕೂಡಿ ದುಡಿಯದೆ ಬಲವಿಲ್ಲ’ ಎಂಬುದು ಕ್ರೀಡಾಸಂಘಗಳಿಗೂ ಕಾರ್ಮಿಕ ಸಂಘಟನೆಗಳಿಗೂ ಧ್ಯೇಯವಾಕ್ಯವಾಗಿ ಒದಗಿವೆ. ರಾಜಕಾರಣಿಗಳ ಭಾಷಣಗಳಲ್ಲಿ ‘ಒಬ್ಬರ ನೆರಳಿನಲ್ಲಿ ಒಬ್ಬರು’ ಪದೇ ಪದೇ ಕೇಳಿಬರುತ್ತದೆ.

ಶಾಲಾ ಸಂಗ್ರಹವನ್ನು ‘ದೂಖಸ್’ ಎಂಬ ಜಾಲತಾಣದಲ್ಲಿ ಎಲ್ಲರೂ ಓದಬಹುದು. ಅದರ ಕೈಬರಹದ ಪುಟಗಳನ್ನು ಸ್ವಯಂಸೇವಕರು ಅಕ್ಷರಕ್ಕಿಳಿಸುತ್ತಿದ್ದು, ಆ ಯೋಜನೆಗೆ ‘ಮೆಹಲ್’ ಎಂದೇ ಹೆಸರಿಟ್ಟಿದ್ದಾರೆ.

ಪ್ರವಾಸಿಗರಿಗೆ ಮಾರುವ ಲೋಟ, ಟವೆಲ್, ಶುಭಾಶಯ ಪತ್ರಗಳ ಮೇಲೆ ‘ಐರಿಶ್ ಗಾದೆ’ ಎಂದು ಅಚ್ಚಾಗುವ ನುಡಿಗಳನ್ನು ಬೇರೆಯಾಗಿ ನೋಡಬೇಕು. ಅವುಗಳಲ್ಲಿ ಕೆಲವು ನಿಜವಾದ ಗಾದೆಗಳ ಅನುವಾದ. ಇನ್ನು ಕೆಲವು ಐರಿಶ್ ಮೂಲವೇ ಇಲ್ಲದ, ಇತ್ತೀಚೆಗೆ ಇಂಗ್ಲಿಷಿನಲ್ಲಿ ರಚಿತವಾದ ಚಾಟೂಕ್ತಿಗಳು. ಮೂರು ಪ್ರಾಂತಗಳ ಮುದ್ರಿತ ಸಂಗ್ರಹಗಳಲ್ಲಿ ಅಥವಾ ಶಾಲಾ ಸಂಗ್ರಹದ ಪುಟಗಳಲ್ಲಿ ಅಂಥ ನುಡಿಯ ಯಾವುದಾದರೂ ರೂಪ ಸಿಗುತ್ತದೆಯೇ ಎಂದು ಹುಡುಕುವುದು ವಿದ್ವಾಂಸರು ಬಳಸುವ ಮೊದಲ ಪರೀಕ್ಷೆ.